ಸೂಜಿ ಮೇಡಂ ಬೆಳಗು, ಭಾವನ ಬೆಳಗು

ಲಿಫ್ಟಿನ ಬಾಗಿಲಿಗೆ ‘ಕೆಟ್ಟಿದೆ’ ಎಂದು ಅಂಟಿಸಿದ ಚೀಟಿಯೇ ಈಗ ಹಳೆಯದಾಗಿ ಕಿತ್ತು ಬರುವ ಹಂತದಲ್ಲಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಂದು ಹೆಗಲಿಗೆ ಚೀಲ, ಇನ್ನೊಂದು ಕೈಗೆ ನೀಲಿ ಐಸ್ ಬಾಕ್ಸ್ ಹಿಡಿದ ಹೆಂಗಸೊಬ್ಬರು ಮೆಟ್ಟಿಲು ಹತ್ತುತ್ತಿದ್ದಾರೆ. ನಾಲ್ಕನೇ ಮಹಡಿಗೆ ಬಂದವರು ಬೆಲ್ ಒತ್ತುವ ಮೊದಲು ಒಂದು ಗಳಿಗೆ ಗೋಡೆಗೊರಗಿ ಉಸಿರು ಸರಿಮಾಡಿಕೊಳ್ಳುತ್ತಾರೆ. ಏದುಸಿರು ಬಿಡುತ್ತಾ ಸೂಜಿ ಹಿಡಿದವರನ್ನು ಕಂಡರೆ ಎಂಥವರಿಗೂ ಕೈಕಾಲು ನಡುಗುತ್ತದೆ ಎಂಬುದು ಅವರ ಅನುಭವ.

ಬಾಗಿಲು ತೆರೆದವರು ನಿವೃತ್ತ ಮ್ಯಾನೇಜರ್ ಒಬ್ಬರು. ಸ್ವೆಟರಿನ ತೋಳನ್ನು ಆಗಲೇ ಮೊಣಕೈ ಮೇಲಕ್ಕೆ ಮಡಚಿಕೊಂಡು, ಮುಷ್ಟಿ ಬಿಗಿ ಹಿಡಿದು ಬಿಚ್ಚುವ ಕಸರತ್ತು ಶುರು ಮಾಡಿದ್ದಾರೆ. ಮೇಡಂ ಚೀಲ ಇಳಿಸುವ ಮೊದಲೇ ಕೈ ಎತ್ತಿ ತಡೆಯುತ್ತಾರೆ. “ಮುಷ್ಟಿ ಆಡಿಸ್ಬೇಡಿ ಸರ್. ಸುಮ್ನೆ ಕೈ ಬಿಟ್ಟು ಕೂತ್ಕೊಳ್ಳಿ. ಹಾಗೆ ಆಡಿಸಿದ್ರೆ ಪೊಟ್ಯಾಸಿಯಂ ಸುಳ್ಳು ಸುಳ್ಳೇ ಏರುತ್ತೆ, ಆಮೇಲೆ ಮನೆಮಂದಿಯೆಲ್ಲ ಆಸ್ಪತ್ರೆಗೆ ಓಡ್ತೀರ.”

ಸರ್ ಕುಳಿತರು. ಖಾಲಿ ಹೊಟ್ಟೆಯೇ ಎಂದು ಕೇಳಿದ್ದಕ್ಕೆ ಹೌದು ಎಂದರು. ನೀರು ಬಿಟ್ಟು ಬೇರೇನಾದರೂ ಎಂದು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದರು. ತೋಳಿಗೆ ರಬ್ಬರ್ ಪಟ್ಟಿ ಕಟ್ಟಬೇಕು, ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿಯ ದನಿ ಬಂತು: ಲೋಟ ತೊಳೆಯಲೋ, ಇನ್ನೊಂದು ಸಲ ಟೀ ಹಾಕಲೋ?

ಮೇಡಂ ಪಟ್ಟಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಸರ್ ಮುಖವನ್ನೇ ನೋಡುತ್ತಾರೆ. ಟೀ ಅಷ್ಟೇ, ಊಟವೇನೂ ಅಲ್ಲವಲ್ಲ ಎನ್ನುವುದು ಸರ್ ವಾದ. ಹಾಲು, ಸಕ್ಕರೆ ಹಾಕಿದ್ದೋ ಎಂದರೆ, ಹಾಕದೆ ಅದನ್ನು ಕುಡಿಯುವುದು ಹೇಗೆ ಎಂದು ತಿರುಗಿ ಕೇಳುತ್ತಾರೆ. ಬಂದದ್ದು ಬಂದಾಗಿದೆ, ಹೇಗೂ ತೆಗೆದುಕೊಂಡು ಹೋಗಿಬಿಡಿ ಎಂಬ ಉದಾರ ಸಲಹೆಯೂ ಸಿಗುತ್ತದೆ. ಮೇಡಂ ಸೂಜಿಯನ್ನು ಪೊಟ್ಟಣ ಒಡೆಯದೆ ಹಾಗೆಯೇ ಚೀಲಕ್ಕೆ ಹಾಕಿ, ನಾಳೆ ಬರುತ್ತೇನೆಂದು ಏಳುತ್ತಾರೆ. ಇಳಿಯುವಾಗ ಎರಡನೇ ಮಹಡಿ ತಲುಪುವಷ್ಟರಲ್ಲಿ ಮೊಬೈಲ್ ಸದ್ದು ಮಾಡುತ್ತದೆ. ಸರ್ ಲ್ಯಾಬ್ ಕಂಪನಿಯ ಆ್ಯಪಿನಲ್ಲಿ ಒಂದೇ ಒಂದು ನಕ್ಷತ್ರ ಕೊಟ್ಟು ‘ಸಿಬ್ಬಂದಿ ಸಹಕರಿಸಲಿಲ್ಲ’ ಎಂದು ಬರೆದಿದ್ದಾರೆ.

“ನೋಡಿ, ಟೀ ಕುಡಿದಿದ್ದು ಅವರು, ಮಾರ್ಕ್ಸ್ ಹೋಗಿದ್ದು ನಂದು,” ಎನ್ನುತ್ತಾ ಮೇಡಂ ಮೊಬೈಲನ್ನು ಜೇಬಿಗೆ ತುರುಕುತ್ತಾರೆ.

ಅಕ್ಕಪಕ್ಕದ ಬೀದಿಗಳಲ್ಲಿ ಇವರನ್ನು ‘ಸೂಜಿ ಮೇಡಂ’ ಎಂದೇ ಎಲ್ಲರೂ ಕರೆಯುತ್ತಾರೆ. ಮನೆಮನೆಗೆ ಹೋಗಿ ರಕ್ತ ತೆಗೆದು, ಬಗೆಬಗೆಯ ಬಣ್ಣದ ಮುಚ್ಚಳದ ಟ್ಯೂಬುಗಳಿಗೆ ತುಂಬಿ, ಬಿಸಿಲೇರುವ ಮೊದಲು ಲ್ಯಾಬಿಗೆ ತಲುಪಿಸುವುದು ಅವರ ಕೆಲಸ. ದಿನಕ್ಕೆ ಹತ್ತು ಹದಿನೈದು ಮನೆ. ಹೆಚ್ಚಿನವು ಕಾಯಿಲೆಯವರ ಮನೆಗಳಲ್ಲ. ಕಾಯಿಲೆ ಬರುವ ಮುಂಚೆಯೇ ಹಿಡಿದುಬಿಡೋಣ ಎಂದು ‘ಫುಲ್ ಬಾಡಿ’ ಪ್ಯಾಕೇಜ್ ತೆಗೆದುಕೊಂಡ, ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ಜನರ ಮನೆಗಳು. ಈ ಗಟ್ಟಿಮುಟ್ಟಾದವರೇ ತಮ್ಮ ಜೀವ ಹಿಂಡುವುದು ಎನ್ನುತ್ತಾರೆ ಮೇಡಂ. ನಿಜವಾದ ರೋಗಿ ಸುಮ್ಮನೆ ತೋಳು ಚಾಚುತ್ತಾನಂತೆ.

ಈ ಕೆಲಸಕ್ಕೆ ಅವರು ಬಂದದ್ದು ಹಿಂಬಾಗಿಲಿನಿಂದ. ಮದುವೆಯಾದ ಹೊಸದರಲ್ಲಿ ಒಂದು ಸಣ್ಣ ಲ್ಯಾಬಿನಲ್ಲಿ ಗಾಜಿನ ಟ್ಯೂಬು ತೊಳೆಯಲು ಸೇರಿದ್ದರು. ಅಲ್ಲಿದ್ದ ಹಿರಿಯ ಟೆಕ್ನಿಷಿಯನ್ ಒಬ್ಬರು, ಕಣ್ಣು ಮುಚ್ಚಿ ಬೆರಳಿನಲ್ಲೇ ನರ ಹುಡುಕುವುದನ್ನು ತಮ್ಮ ತೋಳಿನ ಮೇಲೇ ಕಲಿಸಿದರು. ಆಮೇಲೆ ಸಂಜೆ ಕ್ಲಾಸಿಗೆ ಹೋಗಿ ಡಿಪ್ಲೊಮಾ ಆಯಿತು, ಮಗಳು ಹುಟ್ಟಿದಳು, ಸ್ಕೂಟರ್ ಬಂತು. ಗಂಡ ಗೋದಾಮೊಂದರಲ್ಲಿ ಮೇಲ್ವಿಚಾರಕ. ಬೆಳಗಿನ ಅಡುಗೆ ಅವರದೇ. ಯಾಕೆಂದರೆ ಊರಿನ ಒಲೆಗಳು ಹೊತ್ತುವ ಮುಂಚೆ ಮೇಡಂ ಊರಿನ ಮನೆಗಳಲ್ಲಿರಬೇಕು.

ಕಷ್ಟ ಕೇಳಿದರೆ ಅವರು ಮೊದಲು ಹೇಳುವುದು ನಾಯಿಗಳ ಬಗ್ಗೆ. ಆಮೇಲೆ, ಸ್ವಲ್ಪ ತಡೆದು, ಬಚ್ಚಲಿನ ಬಗ್ಗೆ. ಬೆಳಗ್ಗೆಯೆಲ್ಲ ಬೇರೆಯವರ ಮನೆಯಲ್ಲೇ ಇರುವವರಿಗೆ ಬಚ್ಚಲು ಕೇಳಲು ನಾಚಿಕೆ. ಹಾಗಾಗಿ ಕೆಲಸ ಮುಗಿಯುವವರೆಗೆ ನೀರೇ ಕುಡಿಯುವುದಿಲ್ಲ. ಊರಿಗೆಲ್ಲ ಕಿಡ್ನಿ ಪರೀಕ್ಷೆ ಮಾಡಿಸುವವಳು ನೀರು ಕುಡಿಯದೆ ಓಡಾಡುವುದು ಎಂಥ ಚೆಂದ ಎಂದು ಅವರೇ ನಗುತ್ತಾರೆ. ಇನ್ನು ಕೆಲವರು ಐಸ್ ಬಾಕ್ಸನ್ನು ಬಾಗಿಲ ಹೊರಗೇ ಇಡಿಸುತ್ತಾರೆ, ಒಳಗೆ ತಮ್ಮದೇ ರಕ್ತ ಹೋಗುವುದೆಂದು ಗೊತ್ತಿದ್ದೂ. ಕೆಲವರು ಸೂಜಿ ಚುಚ್ಚುವುದನ್ನು ವಿಡಿಯೊ ಮಾಡುತ್ತಾರೆ. ಇನ್ನೂ ಕೆಲವರು ಟ್ಯೂಬನ್ನು ಬೆಳಕಿಗೆ ಹಿಡಿದು, ಬಣ್ಣ ನೋಡಿ ಹೇಗಿದೆ ಹೇಳಿ ಎಂದು ಗಂಟು ಬೀಳುತ್ತಾರೆ. ಕೆಂಪಗಿದೆ ಎಂದು ಹೇಳಿ ಮೇಡಂ ಮುಂದಿನ ಮನೆಗೆ ಹೊರಡುತ್ತಾರೆ.

ಇದೆಲ್ಲ ಸಹಿಸಬಹುದು. ಅವರ ತಾಳ್ಮೆ ಕೆಡುವುದು ಬೇರೆ ಕಾರಣಕ್ಕೆ. ಜನ ರಕ್ತ ಕೊಡುವುದನ್ನು ಪಾಸಾಗಲೇಬೇಕಾದ ಹತ್ತನೇ ಕ್ಲಾಸಿನ ಪರೀಕ್ಷೆಯ ಹಾಗೆ ನೋಡುತ್ತಾರೆ. ವರ್ಷವಿಡೀ ಮನಸ್ಸಿಗೆ ಬಂದಂತೆ ತಿಂದು, ರಕ್ತ ಕೊಡುವ ಹಿಂದಿನ ಮೂರು ದಿನ ಸೊಪ್ಪು ಅಗಿದು ಕೂರುತ್ತಾರೆ. ಇನ್ನೊಬ್ಬರು ಹಿಂದಿನ ಸಂಜೆ ಜಿಮ್ಮಿನಲ್ಲಿ ಮೈಮುರಿಯುವಷ್ಟು ಭಾರ ಎತ್ತಿ ಬಂದು, ರಿಪೋರ್ಟಿನಲ್ಲಿ ಲಿವರ್ ಅಂಶ ಏರಿದ್ದು ನೋಡಿ ಮನೆಯಲ್ಲಿ ಅಳು ಹಬ್ಬಿಸುತ್ತಾರೆ. ಅದು ಲಿವರಿನದ್ದಲ್ಲ, ನಿನ್ನೆ ದಣಿದ ಮಾಂಸಖಂಡದ್ದು ಎಂದು ಡಾಕ್ಟರು ಹೇಳುವವರೆಗೆ ಅವರಿಗೆ ನಿದ್ದೆಯಿಲ್ಲ. ಕೂದಲು ಬೆಳೆಯಲು ನುಂಗುವ ಮಾತ್ರೆ ಥೈರಾಯ್ಡ್ ಲೆಕ್ಕವನ್ನೇ ತಲೆಕೆಳಗು ಮಾಡಬಹುದು. ಏನಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರೆ, ಅದು ಮಾತ್ರೆಯಲ್ಲ ಮೇಡಂ, ವಿಟಮಿನ್ ಎನ್ನುತ್ತಾರೆ.

ಇನ್ನೊಂದು ಬಗೆಯವರು ಪ್ಯಾಕೇಜಿನಲ್ಲಿ ಎಷ್ಟು ಹೆಸರಿದ್ದರೆ ಅಷ್ಟು ಒಳ್ಳೆಯದು ಎಂದುಕೊಂಡವರು. ಹುಟ್ಟಿನಿಂದಲೇ ಬರುವ ಒಂದು ಬಗೆಯ ಕೊಬ್ಬಿನ ಅಂಶವಿದೆ. ಜೀವಮಾನದಲ್ಲಿ ಒಮ್ಮೆ ನೋಡಿಸಿದರೆ ಸಾಮಾನ್ಯವಾಗಿ ಸಾಕು ಎನ್ನುತ್ತಾರೆ ಡಾಕ್ಟರು. ಮೇಡಂ ಗಿರಾಕಿಯೊಬ್ಬರು ಅದನ್ನು ಮೂರು ಮೂರು ತಿಂಗಳಿಗೆ ಮಾಡಿಸುತ್ತಾರೆ, ಇಳಿದಿದೆಯಾ ನೋಡೋಣ ಎಂದು. ಎತ್ತರ ಅಳೆಸಿಕೊಂಡು ಬೆಳೆದಿದ್ದೇನಾ ಎಂದು ನೋಡಿದ ಹಾಗೆ.

“ಎಂಬತ್ತು ಟೆಸ್ಟ್ ಮಾಡಿಸಿದ್ರೆ ಮೂರ್ನಾಲ್ಕರ ಮುಂದೆ ಏರುಪೇರಿನ ಚುಕ್ಕಿ ಬಿದ್ದೇ ಬೀಳುತ್ತೆ, ಎಷ್ಟೇ ಆರೋಗ್ಯವಾಗಿರೋರಿಗೂ. ಆ ಚುಕ್ಕಿ ನೋಡಿ ಹೆದರ್ತಾರೆ. ಹೆದರಿಕೊಂಡು ಡಾಕ್ಟರ್ ಹತ್ರ ಹೋಗ್ತಾರಾ? ಇಲ್ಲ. ಇನ್ನೊಂದು ಪ್ಯಾಕೇಜ್ ತಗೋತಾರೆ. ನಾನು ಡಾಕ್ಟರಲ್ಲ, ನಂಗೆ ಗೊತ್ತಿರೋದು ಇಷ್ಟೇ. ನೀವು ಯಾವ ಸ್ಥಿತಿಲಿ ತೋಳು ಕೊಟ್ರೋ ಆ ಸ್ಥಿತಿಯ ನಂಬರ್ ಬರುತ್ತೆ. ಅದಕ್ಕೇ ಬಾಯಿಬಿಟ್ಟು ಹೇಳ್ರಪ್ಪ, ಏನ್ ತಿಂದ್ರಿ, ಏನ್ ಮಾಡಿದ್ರಿ ಅಂತ. ಹೇಳಿ ಹೇಳಿ ನನ್ನ ಗಂಟಲು ಹೋಯ್ತು.”

ಊರಿನವರದಾದರೆ ಬಾಗಿಲು ದಾಟಿದ ಮೇಲೆ ಮರೆಯಬಹುದು. ಮರೆಯಲಾಗದ ಗಿರಾಕಿಯೊಬ್ಬರು ಮನೆಯವರಲ್ಲೇ ಇದ್ದಾರೆ. ಅವರ ಅಕ್ಕನ ಗಂಡ.

ಭಾವ ಬೇಕರಿಯವರು. ಎರಡು ಬೀದಿ ಆಚೆ ಅವರ ಅಂಗಡಿ, ಅಂಗಡಿಯ ಮೇಲೆ ಮನೆ. ಊರು ಮಲಗಿದ ಮೇಲೆ ಅವರ ಒಲೆ ಉರಿಯುತ್ತದೆ. ಬೆಳಗಿನ ಹೊತ್ತಿಗೆ ಬ್ರೆಡ್ಡು, ಬನ್ನು ಗಾಡಿಗೆ ಏರಿಸಿ, ಮುಖ ತೊಳೆದು ಮೇಲೆ ಹೋಗಿ ಮಲಗುತ್ತಾರೆ. ದೊಡ್ಡ ದೇಹ, ದೊಡ್ಡ ನಗು, ಹುಬ್ಬಿನ ಮೇಲೆ ಯಾವಾಗಲೂ ಒಂದಿಷ್ಟು ಹಿಟ್ಟು. ನಾದಿನಿಯನ್ನು ‘ಸೊಳ್ಳೆ’ ಎಂದು ಕರೆಯುವುದು ಇವರೊಬ್ಬರೇ. ಮೇಡಂ ಅಂಗಡಿ ಹೊಕ್ಕರೆ ಸಾಕು, ಕೆಲಸದವರಿಗೆಲ್ಲ ಕೇಳುವ ಹಾಗೆ, ಬಾಗಿಲು ಹಾಕ್ರೋ, ಸೊಳ್ಳೆ ಬಂತು ಎನ್ನುತ್ತಾರೆ.

ಈ ಬೇಕರಿಯನ್ನು ಕಟ್ಟಿದವರು ಭಾವನ ಅಣ್ಣ. ಸಕ್ಕರೆ ಕಾಯಿಲೆ ಅವರ ಕಿಡ್ನಿಯನ್ನು ಒಳಗೊಳಗೇ ತಿಂದುಹಾಕಿತ್ತು. ಗೊತ್ತಾಗುವ ಹೊತ್ತಿಗೆ ಕಾಲು, ಮುಖ ಊದಿದ್ದವು. ಕೊನೆಯ ದಿನಗಳಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕ ಅವರನ್ನು ಮಲಗಿಸಿ, ಮುಗಿಯುವವರೆಗೆ ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದವರು ಇದೇ ಭಾವ. ಅಣ್ಣ ಹೋದ ಮೇಲೆ ಆ ಆಸ್ಪತ್ರೆಯ ಬೀದಿಯಲ್ಲೇ ಅವರು ಗಾಡಿ ಓಡಿಸುವುದಿಲ್ಲ. ಸುತ್ತು ಹಾಕಿ ಹೋಗುತ್ತಾರೆ.

ಅಷ್ಟು ಹೆದರಿದ ಮನುಷ್ಯ ವರ್ಷಕ್ಕೊಮ್ಮೆ ತಪ್ಪದೆ ಸಕ್ಕರೆ ಪರೀಕ್ಷೆ ಮಾಡಿಸುತ್ತಿದ್ದರು. ಮಾಡಿಸುವ ರೀತಿ ಮಾತ್ರ ಅವರದೇ. ವಾರದ ಮುಂಚಿನಿಂದ ಸಿಹಿ ಬಂದ್, ಟೀ ಬಂದ್, ಬ್ರೆಡ್ಡಿನ ವಾಸನೆಗೂ ಮುಖ ತಿರುವುವುದು, ಗಾಡಿ ಬಿಟ್ಟು ನಡೆದೇ ಓಡಾಡುವುದು. ಆ ವಾರ ಕಳೆದ ಮೇಲೆ ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ. ನಂಬರ್ ಗೆರೆಯೊಳಗೇ ಬರುತ್ತಿತ್ತು. ಆ ರಿಪೋರ್ಟಿಗೆ ಪ್ಲಾಸ್ಟಿಕ್ ಹಾಕಿಸಿ ಅಂಗಡಿಯ ಗೋಡೆಗೆ, ಕೇಕಿನ ದರಪಟ್ಟಿಯ ಪಕ್ಕಕ್ಕೆ ತೂಗುಹಾಕುತ್ತಿದ್ದರು. ಬಂದವರಿಗೆಲ್ಲ ಬೆರಳು ಮಾಡಿ ತೋರಿಸುವುದು. ಅವತ್ತು ಸಂಜೆಯೇ ಕೇಕು.

ಮೇಡಂ ಎಷ್ಟು ಬೈದರೂ ಭಾವ ನಕ್ಕು ತೇಲಿಸಿಬಿಡುತ್ತಿದ್ದರು. ಇತ್ತೀಚೆಗೆ ಅಕ್ಕನೇ ಫೋನ್ ಮಾಡಿದರು. ಗಂಡ ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದಾರೆ, ಮಲಗಿದಲ್ಲಿಂದ ಪದೇ ಪದೇ ಎದ್ದು ಹೋಗುತ್ತಾರೆ, ಏನಾದರೂ ಮಾಡು ಎಂದು. ಮೇಡಂ ಹೇಳದೆ ಕೇಳದೆ ಒಂದು ಬೆಳಿಗ್ಗೆ ತಮ್ಮ ಸುತ್ತಿನ ನಡುವೆ ಬೇಕರಿಗೆ ನುಗ್ಗಿದರು. ಚೀಲ ಕಂಡದ್ದೇ ಭಾವ ಪಕ್ಕದ ತಟ್ಟೆಯಿಂದ ಒಂದು ಬನ್ನು ಎತ್ತಿ ಬಾಯಿಗೆ ತುರುಕಿಕೊಂಡು, ತಿಂದುಬಿಟ್ಟೆನಲ್ಲ, ಮುಂದಿನ ವಾರ ಬಾ ಎಂದು ಕೈಯಾಡಿಸಿದರು.

“ತಿನ್ನಿ ಭಾವ. ಬೇಕಾದ್ರೆ ಇನ್ನೊಂದು ತಿನ್ನಿ,” ಎಂದರಂತೆ ಮೇಡಂ. “ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಇದು ಮೂರು ತಿಂಗಳ ಸಕ್ಕರೆ. ನೀವು ಇವತ್ತು ತಿಂದಿದ್ದಲ್ಲ, ಎರಡು ಮೂರು ತಿಂಗಳಿಂದ ತಿಂದಿದ್ದೆಲ್ಲ ಸೇರಿಸಿ ಹೇಳುತ್ತೆ.”

ಅಗಿಯುತ್ತಿದ್ದ ಭಾವನ ದವಡೆ ನಿಂತಿತು. ಮೂರು ತಿಂಗಳು ಮೊದಲೇ ಹೇಳಬಾರದಿತ್ತೇ ಎಂದು ಅವರು ಕೇಳಿದ್ದನ್ನು ಕೆಲಸದವರು ಈಗಲೂ ನೆನೆಸಿಕೊಂಡು ನಗುತ್ತಾರೆ. ಅಂತೂ ತೋಳು ಕೊಟ್ಟರು. ಮೇಡಂ ಒಂದು ಸಣ್ಣ ಡಬ್ಬಿಯನ್ನೂ ಭಾವನ ಕೈಗೆ ಕೊಟ್ಟು ಬಚ್ಚಲಿಗೆ ಅಟ್ಟಿದರು. ಕಿಡ್ನಿ ಸೋರಲು ಶುರುವಾದರೆ ಅಲ್ಬುಮಿನ್ ಎಂಬ ಅಂಶ ಮೂತ್ರದಲ್ಲಿ ಚೂರು ಚೂರೇ ಇಳಿಯುತ್ತದೆ. ಕಣ್ಣಿಗೆ ಕಾಣದು, ನೋವಿಲ್ಲ, ಊತವಿಲ್ಲ. ವರ್ಷಗಳ ಮೊದಲೇ ಸುಳಿವು ಕೊಡುವ ಅಂಶ ಅದು.

ಮೂರು ತಿಂಗಳ ಸಕ್ಕರೆ ಎಲ್ಲಿರಬೇಕೋ ಅದಕ್ಕಿಂತ ಬಹಳ ಮೇಲಿತ್ತು. ಅಲ್ಬುಮಿನ್ನೂ ಗೆರೆ ದಾಟಿ ಸಾಕಷ್ಟು ದೂರ ಹೋಗಿತ್ತು. ಭಾವನನ್ನು ನೋಡಿದ ಡಾಕ್ಟರಮ್ಮ ಸಕ್ಕರೆಗೆ ಅವತ್ತೇ ಮಾತ್ರೆ ಬರೆದರು. ಕಿಡ್ನಿಯ ವಿಷಯದಲ್ಲಿ ಮಾತ್ರ ಒಂದೇ ಸಲದ ನಂಬರ್ ನಂಬುವುದು ಬೇಡ, ಎದ್ದ ಕೂಡಲೇ ಬರುವ ಮೊದಲ ಮೂತ್ರವನ್ನು ಮತ್ತೆ ನೋಡೋಣ ಎಂದರು.

ಎರಡು ವಾರ ಬಿಟ್ಟು ಮೇಡಂ ಮತ್ತೆ ಬೆಳಗ್ಗೆ ಏಳಕ್ಕೆ ಬೇಕರಿಗೆ ಹೋದರು, ಡಬ್ಬಿ ಕೊಟ್ಟರು, ತಂದರು. ಈ ಸಲ ನಂಬರ್ ಇನ್ನೂ ಮೇಲೆ.

ಅಲ್ಲಿಂದ ಮನೆಯಲ್ಲಿ ರಾಮಾಯಣ ಶುರುವಾಯಿತು. ಮಾರನೇ ದಿನ ಭಾವ ನಾದಿನಿಯ ಮಾತುಗಳನ್ನೇ ಒಂದೊಂದಾಗಿ ಎತ್ತಿ ನಾದಿನಿಯ ಮೇಲೆಸೆಯತೊಡಗಿದರು. ಮುಷ್ಟಿ ಆಡಿಸಿದರೆ ತಪ್ಪು ನಂಬರ್ ಬರುತ್ತದೆ ಎಂದವಳು ಯಾರು? ಜಿಮ್ಮಿನವನ ಲಿವರ್ ಕಥೆ ಹೇಳಿ ನಗಿಸಿದವಳು ಯಾರು? ಅವರದೆಲ್ಲ ಸುಳ್ಳು ನಂಬರ್, ನನ್ನದು ಮಾತ್ರ ನಿಜವೋ? ಹೀಗೆ ಬಾಯಿ ಜೋರು ಮಾಡಿದರು. ಒಳಗೆ ಮಾತ್ರ ಬೇರೆಯೇ ನಡೆದಿತ್ತು. ಸಕ್ಕರೆಯ ಮಾತ್ರೆಯನ್ನೂ ಅವರು ನಿಲ್ಲಿಸಿದ್ದಾರೆಂದು ಅಕ್ಕನಿಗೆ ಗೊತ್ತಾದದ್ದು ಪೊಟ್ಟಣಗಳು ಹಾಗೆಯೇ ಉಳಿದದ್ದು ಕಂಡಾಗ. ಕೇಳಿದ್ದಕ್ಕೆ, ಹೋಗುವ ಕಿಡ್ನಿಗೆ ಮಾತ್ರೆ ಯಾಕೆ, ಅಣ್ಣ ನುಂಗಿದ್ದೇನು ಕಡಿಮೆಯೇ ಎಂದರಂತೆ. ಗೋಡೆಯ ಮೇಲಿದ್ದ ಪಾಸಾದ ರಿಪೋರ್ಟುಗಳನ್ನೆಲ್ಲ ತೆಗೆದು ಒಲೆಗೆ ಹಾಕಿದರು.

“ಊರಿನ ಜನ ನನ್ನ ಮಾತು ಕೇಳಲ್ಲ ಅಂತ ಅಳ್ತಿದ್ದೆ. ಇವರು ನನ್ನ ಮಾತೆಲ್ಲ ಕೇಳಿಸ್ಕೊಂಡು, ಅದನ್ನೇ ಹಿಡ್ಕೊಂಡು ಸಾಯೋಕೆ ಹೊರಟಿದ್ರು,” ಎನ್ನುವಾಗ ಮೇಡಂ ದನಿಯಲ್ಲಿ ಈಗಲೂ ಸಿಟ್ಟಿದೆ. ಅಕ್ಕ ದಿನಾ ಫೋನ್ ಮಾಡಿ ಅಳುವುದು, ಇವರು ಬೈಯುವುದು, ಭಾವ ಫೋನ್ ಎತ್ತದಿರುವುದು. ಇನ್ನೊಂದೇ ಸಲ ನೋಡೋಣ ಎಂದು ಕೈಕಾಲು ಹಿಡಿದು ಒಪ್ಪಿಸಲು ಮತ್ತೆ ಎರಡು ವಾರ ಹಿಡಿಯಿತು.

ಆ ಬೆಳಿಗ್ಗೆ ಮೇಡಂ ಡಬ್ಬಿ ಹಿಡಿದು ಬೇಕರಿಯ ಹಿಂಬಾಗಿಲಲ್ಲಿ ನಿಂತಿದ್ದಾರೆ. ಭಾವ ಮೈದಾ ಮೂಟೆಯೊಂದನ್ನು ಹೆಗಲ ಮೇಲಿಂದ ಇಳಿಸುತ್ತಿದ್ದಾರೆ. ಬನಿಯನ್ ಬೆವರಿಗೆ ಒದ್ದೆ. ಒಲೆಯ ಕೆಲಸದವನೊಬ್ಬ ಚಪ್ಪಲಿ ಮೆಟ್ಟಿ ಮನೆಗೆ ಹೊರಟ. ಭಾವ ತಿರುಗದೆಯೇ ಅವನಿಗೆ “ಗುಡ್ ನೈಟ್ ಕಣೋ” ಎಂದರು. ಹೊರಗೆ ಶಾಲೆಯ ಮಕ್ಕಳು ಬಸ್ಸಿಗೆ ಕಾಯುತ್ತಿದ್ದವು.

ಮೇಡಂ ಅಲ್ಲೇ ಇಳಿಸಿದ್ದ ಮೂಟೆಯ ಮೇಲೆ ಕುಳಿತರು. ಎದ್ದ ಕೂಡಲೇ ಬರುವ ಮೊದಲ ಮೂತ್ರ ಎಂದು ಡಾಕ್ಟರಮ್ಮ ಹೇಳಿದ್ದರು. ಅದನ್ನು ಮೇಡಂ ತಲೆ ಬೆಳಗ್ಗೆ ಏಳು ಗಂಟೆ ಎಂದು ಬರೆದುಕೊಂಡಿತ್ತು. ಏಳಕ್ಕೆ ಭಾವ ಎದ್ದಿರುವುದಿಲ್ಲ, ಮಲಗಲು ಹೊರಟಿರುತ್ತಾರೆ. ರಾತ್ರಿಯಿಡೀ ಬೆಂಕಿಯ ಮುಂದೆ ನಿಂತು, ಮೂಟೆ ಹೊತ್ತು, ಬೆವರಿಳಿಸಿದ ದೇಹ ಅದು. ಹಾಗೆ ದಣಿದಾಗ ಅಲ್ಬುಮಿನ್ ಸುಮ್ಮನೆಯೇ ಏರಿಬಿಡಬಹುದು. ಊರಿಗೆಲ್ಲ ಏನು ತಿಂದಿರಿ, ಏನು ಮಾಡಿದಿರಿ ಎಂದು ಕೇಳುವ ಬಾಯಿ, ಭಾವನನ್ನು ಎಷ್ಟು ಹೊತ್ತಿಗೆ ಎದ್ದಿರಿ ಎಂದು ಕೇಳಿರಲಿಲ್ಲ. ಎರಡೂ ಸಲ.

ಮೇಡಂ ಅದನ್ನು ಅಲ್ಲೇ, ಕೆಲಸದವರ ಎದುರೇ ಹೇಳಿದರು. ತಪ್ಪು ಲ್ಯಾಬಿನದಲ್ಲ, ತನ್ನದು. ಕಿಡ್ನಿಯ ಎರಡೂ ನಂಬರನ್ನು ಲೆಕ್ಕದಿಂದ ಬಿಡಬೇಕು. ಸಕ್ಕರೆ ಮಾತ್ರ ನಿಜ, ಅದರಲ್ಲಿ ರಾಜಿಯಿಲ್ಲ. ಕಿಡ್ನಿಯದು ಹೇಗಿದೆಯೆಂದು ತನಗೂ ಈಗ ಗೊತ್ತಿಲ್ಲ. ಭಾವ ಗೆದ್ದವರಂತೆ ಕುಣಿಯುತ್ತಾರೆ ಎಂದು ಕಾದರು. ಭಾವ ಕುಣಿಯಲಿಲ್ಲ. ಹಿಟ್ಟಿನ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು ಪಕ್ಕದ ಮೂಟೆಯ ಮೇಲೆ ಕೂತರು.

“ಹಂಗಾದ್ರೆ ನಾನು ಎದ್ದಾಗ ಬಾ,” ಎಂದರು.

ಬರುವುದು ಹೇಗೆ? ಭಾವ ಏಳುವುದು ಮಧ್ಯಾಹ್ನ ಮೂರಕ್ಕೆ. ಕಂಪನಿಯ ಆ್ಯಪಿನಲ್ಲಿ ಮೂರು ಗಂಟೆ ಎಂಬುದೇ ಇಲ್ಲ. ಬೆಳಗ್ಗೆ ಹತ್ತಕ್ಕೆ ಸ್ಲಾಟು ಮುಗಿಯುತ್ತದೆ. ಮೇಡಂ ಕಚೇರಿಗೆ ಫೋನ್ ಮಾಡಿದರು. ಆ ಕಡೆಯ ಹುಡುಗಿ ಬಹಳ ವಿನಯದಿಂದ, ಬೆಳಗಿನ ಮೊದಲ ಮೂತ್ರವನ್ನು ಬೆಳಗ್ಗೆಯೇ ಕೊಡಬೇಕು ಮೇಡಂ ಎಂದಳು. ಅವರ ಬೆಳಗಾಗುವುದೇ ಮೂರಕ್ಕೆ ಎಂದರೆ, ಬೆಳಗ್ಗೆ ಮೂರಕ್ಕೂ ಸ್ಲಾಟಿಲ್ಲ ಎಂದಳು. ಮಧ್ಯಾಹ್ನ ಎಂದರೆ, ಹಾಗಾದರೆ ಅದು ಬೆಳಗಿನ ಮೊದಲ ಮೂತ್ರವಲ್ಲ ಎಂದಳು. ಇನ್ನೇನಾದರೂ ಸಹಾಯ ಬೇಕೇ ಎಂದೂ ಕೇಳಿದಳು. ಮೇಡಂ ಫೋನ್ ಇಟ್ಟು, ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇಟ್ಟುಕೊಂಡು, ಆ ಸಂಜೆಯೇ ಲ್ಯಾಬಿಗೆ ಹೋಗಿ ಮೆಷಿನ್ ನೋಡಿಕೊಳ್ಳುವವರ ಹತ್ತಿರ ನೇರವಾಗಿ ಮಾತಾಡಿದರು. ಸಂಜೆಯೊಳಗೆ ತಂದುಕೊಟ್ಟರೆ ಮಾಡುತ್ತೇನೆ ಎಂದು ಅವರು ಒಪ್ಪಿದರು.

ಆಮೇಲೆ ಮನೆಯಲ್ಲಿ ಒಂದು ತಯಾರಿ ನಡೆಯಿತು. ಈ ಸಲ ಪಾಸಾಗಲು ಅಲ್ಲ. ಡಾಕ್ಟರಮ್ಮನನ್ನು ಕೇಳಿಕೊಂಡೇ ಮಾಡಿದ್ದು. ಹಿಂದಿನ ರಾತ್ರಿ ಭಾವ ಮೂಟೆ ಮುಟ್ಟಲಿಲ್ಲ. ಸ್ಟೂಲ್ ಹಾಕಿಕೊಂಡು ಕೂತು ಬರೀ ಬಾಯಲ್ಲಿ ಬೇಕರಿ ನಡೆಸಿದರು. ಯಾರೂ ಉಪವಾಸ ಮಾಡಲಿಲ್ಲ, ಏನನ್ನೂ ಬಂದ್ ಮಾಡಲಿಲ್ಲ. ಮಲಗಿ, ಮೂರಕ್ಕೆ ಎದ್ದರು. ಡಬ್ಬಿಯನ್ನು ಎರಡು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮನೆಯಲ್ಲಿ ಬೇರೆ ಚೀಲವಿಲ್ಲದ್ದಕ್ಕೆ ಬೇಕರಿಯದೇ ಕವರಿನಲ್ಲಿಟ್ಟು ಕೊಟ್ಟರು. ಲ್ಯಾಬಿನ ಬಾಗಿಲಲ್ಲಿ ಕವರ್ ಕಂಡ ಕಾವಲುಗಾರ ಮುಖವರಳಿಸಿ, ಬನ್ ತಂದ್ರಾ ಮೇಡಂ ಎಂದ. ಇದು ಬಿಸಿ ಇದೆ, ನಿಂಗೆ ಆಗಲ್ಲಪ್ಪ ಎಂದು ಹೇಳಿ ಮೇಡಂ ಒಳಗೆ ಓಡಿದರು.

ನಂಬರ್ ಬಂತು. ಮೊದಲಿನ ಎರಡಕ್ಕಿಂತ ಬಹಳ ಕಡಿಮೆ. ಆದರೂ ಗೆರೆಯ ಆಚೆಗೇ. ಕೆಲವು ವಾರ ಬಿಟ್ಟು ಅದೇ ರೀತಿ, ಅದೇ ಹೊತ್ತಿಗೆ ಮತ್ತೊಮ್ಮೆ ನೋಡಿದಾಗಲೂ ಹೆಚ್ಚುಕಡಿಮೆ ಅಷ್ಟೇ. ಸೋರಿಕೆ ನಿಜ, ಆದರೆ ಈಗ ತಾನೇ ಶುರುವಾಗಿದೆ ಎಂದರು ಡಾಕ್ಟರಮ್ಮ. ಸಕ್ಕರೆ ಮತ್ತು ಬಿಪಿ ಹಿಡಿತಕ್ಕೆ ತಂದು, ಕಿಡ್ನಿಯನ್ನು ಕಾಯುವ ಇನ್ನೊಂದು ಮಾತ್ರೆ ತೆಗೆದುಕೊಂಡರೆ ಇದನ್ನು ಬಹಳ ಕಾಲ ಇಲ್ಲೇ ತಡೆಯಬಹುದು, ಕೆಲವರಲ್ಲಿ ಇಳಿಯುವುದೂ ಉಂಟು. ಯಾರೂ ಭರವಸೆ ಬರೆದುಕೊಡುವುದಿಲ್ಲ. ಆದರೆ ಅಣ್ಣನ ದಾರಿಯೊಂದೇ ದಾರಿಯಲ್ಲ.

ಡಾಕ್ಟರಮ್ಮನ ಕೋಣೆಯಿಂದ ಹೊರಗೆ ಬಂದ ಭಾವ ಕಾರಿಡಾರಿನ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ಮೇಡಂ. ಈ ಸಲ ತರ್ಕಕ್ಕೆ ಏನೂ ಉಳಿದಿರಲಿಲ್ಲ, ಎಲ್ಲ ಕುಂಟುನೆಪವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬಂದ ನಂಬರ್ ಅದು. ಕೊನೆಗೆ ಅವರು ಕೇಳಿದ್ದು ಒಂದೇ ಮಾತು.

“ಅಣ್ಣಂಗೆ ಇದನ್ನ ಯಾರೂ ನೋಡ್ಲೇ ಇಲ್ಲ ಅಲ್ವಾ?”

ಇಲ್ಲ ಭಾವ ಎಂದರು ಮೇಡಂ.

ಭಾವ ಈಗ ಮಾತ್ರೆ ತಪ್ಪಿಸುವುದಿಲ್ಲ. ತಪ್ಪಿಸಲು ಅಕ್ಕ ಬಿಡುವುದೂ ಇಲ್ಲ. ಮೂರು ತಿಂಗಳ ಸಕ್ಕರೆ ಇಳಿಯುತ್ತಾ ಬಂದಿದೆ, ಇನ್ನೂ ಇಳಿಯಬೇಕು. ಮೂಟೆ ಹೊರಲು ಬೇರೆಯವರಿದ್ದಾರೆ. ಕ್ರೀಮಿನ ರುಚಿ ನೋಡುವ ಕೆಲಸವನ್ನು ಮನಸ್ಸಿಲ್ಲದ ಮನಸ್ಸಿನಿಂದ ಇನ್ನೊಬ್ಬನಿಗೆ ಬಿಟ್ಟುಕೊಟ್ಟಿದ್ದಾರೆ. ಅವನು ಹಾಕುವ ಸಕ್ಕರೆ ಸಾಲದು ಎಂಬುದು ಅವರ ಈಗಿನ ದೊಡ್ಡ ದುಃಖ.

ಮೇಡಂ ಜಗಳ ಈಗ ಕಂಪನಿಯ ಜೊತೆ. ಬೇಕರಿಯವರಿದ್ದಾರೆ, ರಾತ್ರಿ ಪಾಳಿಯ ನರ್ಸುಗಳಿದ್ದಾರೆ, ಕಾವಲುಗಾರರಿದ್ದಾರೆ, ಇವರ ಬೆಳಗಿಗೂ ಒಂದು ಸ್ಲಾಟು ಕೊಡಿ ಎಂದು ಕೇಳುತ್ತಲೇ ಇದ್ದಾರೆ. ಪ್ರತಿ ಸಲವೂ ‘ನಿಮ್ಮ ಸಲಹೆಗೆ ಧನ್ಯವಾದಗಳು’ ಎಂಬ ಉತ್ತರ ತಪ್ಪದೆ ಬರುತ್ತದೆ. ಎಷ್ಟು ಬೇಗ ಬರುತ್ತದೆಂದರೆ, ಓದಿ ಕಳಿಸಿದ್ದಲ್ಲ ಎಂಬುದು ಖಾತ್ರಿ. “ನಂಗೆ ಬೇರೆ ಏನೂ ಬೇಡ ಮಾರಾಯ್ರೆ. ಮಧ್ಯಾಹ್ನ ಒಂದೇ ಒಂದು ಸ್ಲಾಟ್. ಊಟ ಬಿಟ್ಟು ನಾನೇ ಹೋಗ್ತೀನಿ,” ಎನ್ನುತ್ತಾರೆ. ಅಲ್ಲಿಯವರೆಗೆ ರಾತ್ರಿ ಪಾಳಿಯ ನಾಲ್ಕೈದು ಮಂದಿಗೆ ತಾವೇ ಹೇಳಿಕೊಂಡು, ಲ್ಯಾಬಿನವರನ್ನು ಕಾಡಿ ಬೇಡಿ ಮಾಡಿಸುತ್ತಿದ್ದಾರೆ.

ಇವತ್ತೂ ಊಟದ ತಟ್ಟೆ ಅರ್ಧದಲ್ಲಿದೆ. ಮೂರು ಗಂಟೆ ದಾಟಿ ಸ್ವಲ್ಪ ಹೊತ್ತಾಗಿದೆ. ಮೊಬೈಲ್ ರಿಂಗಾಗುತ್ತದೆ. ಎಡಗೈಯಲ್ಲಿ ಸ್ಪೀಕರ್ ಒತ್ತಿ ತಟ್ಟೆಯ ಪಕ್ಕ ಇಡುತ್ತಾರೆ. ಆ ಕಡೆಯಿಂದ ನಿದ್ದೆಗಣ್ಣಿನ ದಪ್ಪ ದನಿ.

“ಸೊಳ್ಳೆ, ಬೆಳಗಾಯ್ತು. ಬಾ. ಮತ್ತೆ ಕೇಳು, ನಿನ್ನೆ ಎರಡು ತುಂಡು ಕೇಕ್ ತಿಂದಿದೀನಿ. ಒಂದು ಮೂಟೆನೂ ಎತ್ತಿದೆ, ಹುಡುಗ ಬಂದಿರಲಿಲ್ಲ. ಹಾಕೋ ಬೈಗುಳ ಇಲ್ಲಿಗೆ ಬಂದ್ಮೇಲೆ ಹಾಕು.”

ಫೋನ್ ಕಟ್ಟಾಗುತ್ತದೆ. ಹಾಗಾದರೆ ಇವತ್ತಿನ ಸ್ಯಾಂಪಲ್ ಕೆಟ್ಟಿತು, ಡಬ್ಬಿಯ ಕೆಲಸ ಮುಂದಿನ ವಾರಕ್ಕೆ ಹೋಯಿತು, ಲ್ಯಾಬಿನವರ ಹತ್ತಿರ ಮತ್ತೆ ಕೈ ಮುಗಿಯಬೇಕು ಎಂದು ಮೇಡಂ ಗೊಣಗುತ್ತಾ ಕೈ ತೊಳೆಯಲು ಏಳುತ್ತಾರೆ. ನಲ್ಲಿಯ ಹತ್ತಿರ ಹೋದವರು ಒದ್ದೆ ಕೈಯಲ್ಲೇ ತಿರುಗಿ ನಿಲ್ಲುತ್ತಾರೆ. ಗೊಣಗಾಟ ನಿಂತಿದೆ.

“ಕೇಳಿಸ್ಕೊಂಡ್ರಾ? ನಾನು ಕೇಳಲೇ ಇಲ್ಲ. ಅವರಾಗೇ ಹೇಳಿದ್ರು.”